ನಲ್ಲಿ ನೀರಿನ ಜಾಡು ಹಿಡಿದು ಬೋರಿವಲಿ ಕಾಡಿಗೆ

ಮೊದಲೇ ಹೇಳಿಬಿಡುತ್ತೇನೆ, ಸೋಮವಾರ ಹೋಗಬೇಡಿ. ನಮ್ಮ ಹೋಟೆಲಿಗೆ ವಾರದ ರಜೆ ಸೋಮವಾರ, ಮುಂಬೈ ಬೋರಿವಲಿಯ ಸಂಜಯ್ ಗಾಂಧಿ ನ್ಯಾಷನಲ್ ಪಾರ್ಕಿಗೂ ರಜೆ ಸೋಮವಾರ. ಇದು ಗೊತ್ತಿಲ್ಲದೆ ಹೊಸ ಬೂಟು ಹಾಕಿಕೊಂಡು, ಡಬ್ಬಿ ಕಟ್ಟಿಕೊಂಡು ಗೇಟಿನವರೆಗೆ ಹೋಗಿ, ವಾಚ್‌ಮನ್ ಬಾಯಲ್ಲಿ "ಕಲ್ ಆನಾ ಶೇಟ್" ಅನ್ನಿಸಿಕೊಂಡು ವಾಪಸು ಬಂದವನು ನಾನು. ಈಗ ಮಂಗಳವಾರವೋ ಗುರುವಾರವೋ ಅಕ್ಕನ ಮಗನನ್ನು ಗಲ್ಲೆಯ ಮೇಲೆ ಕೂರಿಸಿ ಹೋಗುತ್ತೇನೆ. ಭಾನುವಾರ ಹೋದರೆ ಕಾಡಿಗಿಂತ ಜನರನ್ನೇ ಹೆಚ್ಚು ನೋಡಬೇಕಾಗುತ್ತದೆ.

ಕುಂದಾಪುರದ ಕಡೆಯಿಂದ 1984ರಲ್ಲಿ, ಹದಿಮೂರನೆಯ ವಯಸ್ಸಿಗೆ ಹೋಟೆಲಿನ ಕ್ಲೀನರ್ ಕೆಲಸಕ್ಕೆಂದು ಮುಂಬೈ ಬಸ್ಸು ಹತ್ತಿದವನು. ಹಗಲು ಟೇಬಲ್ ಒರೆಸುವುದು, ರಾತ್ರಿ ಶಾಲೆ. ಕಾಡು ಎಂದರೆ ಆಗ ನಮಗೆ ಊರಲ್ಲಿ ಬಿಟ್ಟುಬಂದ ವಸ್ತು. ಬೋರಿವಲಿಯಲ್ಲಿ ಸ್ವಂತ ಹೋಟೆಲು ಮಾಡಿದ ಮೇಲೂ ಹೈವೇ ಆಚೆಯ ಹಸಿರು ಬೆಟ್ಟವನ್ನು ಹತ್ತು ವರ್ಷ ಬರೀ ನೋಡಿದ್ದೇ ಆಯಿತು. "ಕಾಡ್ ಕಾಂಬುಕೆ ಟಿಕೆಟ್ ತೆಗಿಕಾ?" ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಅವಳ ತವರಿನ ಹಿತ್ತಲಲ್ಲಿ ಸಾಕಷ್ಟು ಕಾಡಿದೆ, ಅವಳ ಮಾತಿನಲ್ಲಿ ತಪ್ಪಿಲ್ಲ.

ನನ್ನನ್ನು ಕಾಡಿಗೆ ಎಳೆದದ್ದು ಮರವಲ್ಲ, ಪ್ರಾಣಿಯೂ ಅಲ್ಲ. ನೀರು. ಹೋಟೆಲಿನವನಿಗೆ ಬೆಳಗ್ಗೆ ನಲ್ಲಿ ಬಂತೋ ಇಲ್ಲವೋ ಎಂಬುದೇ ಮೊದಲ ಚಿಂತೆ. ಜುಲೈ ಬಂತೆಂದರೆ ಪೇಪರಿನಲ್ಲಿ ಏಳು ಕೆರೆಗಳ ನೀರಿನ ಮಟ್ಟ ಬರುತ್ತದಲ್ಲ, ಮೇಲಿನ ವೈತರಣಾ, ಮೋದಕ್ ಸಾಗರ್, ತಾನ್ಸಾ, ಮಧ್ಯ ವೈತರಣಾ, ಭಾತ್ಸಾ, ವಿಹಾರ, ತುಳಸಿ, ಆ ಪಟ್ಟಿಯನ್ನು ಪಂಚಾಂಗಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದಿದವನು ನಾನು. ಕೊನೆಯ ಎರಡು ಹೆಸರು ನಮ್ಮ ಮನೆಯ ಹಿಂದಿನ ಕಾಡಿನೊಳಗೇ ಇವೆ ಎಂದು ಗೊತ್ತಾದದ್ದು 2005ರಲ್ಲಿ. ಆಗ ಕುರ್ಲಾದ ಒಂದು ಹೋಟೆಲಿನಲ್ಲಿ ಗಲ್ಲೆ ನೋಡಿಕೊಳ್ಳುತ್ತಿದ್ದೆ. ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಮಧ್ಯಾಹ್ನದ ಊಟದ ಗಿರಾಕಿ ಏಳುವ ಮೊದಲೇ ಗ್ರೈಂಡರ್ ಮುಳುಗಿತ್ತು, ಮೂರು ಚೀಲ ದೋಸೆ ಅಕ್ಕಿ ನೆಂದು ಉಬ್ಬಿ ಹೊಲಿಗೆ ಬಿಚ್ಚಿಕೊಂಡಿದ್ದವು. ಆಮೇಲೆ ಒಂದು ದಿನ ಚಹಾ ಕುಡಿಯುತ್ತ ಗಿರಾಕಿಯೊಬ್ಬರು ಹೇಳಿದರು, ನಿಮ್ಮ ಹೋಟೆಲಿಗೆ ನುಗ್ಗಿದ ಮೀಠಿ ನದಿ ಹುಟ್ಟುವುದೇ ವಿಹಾರ ಮತ್ತು ಪವಾಯಿ ಕೆರೆಗಳು ತುಂಬಿ ಚೆಲ್ಲಿದ ನೀರಿನಿಂದ ಎಂದು. ಆ ದಿನದ್ದೆಲ್ಲ ಕೆರೆಯ ನೀರಲ್ಲ, ಮಳೆ, ಸಮುದ್ರದ ಭರತ ಎಲ್ಲ ಸೇರಿದ್ದು. ಆದರೂ ಅಕ್ಕಿ ಹಾಳು ಮಾಡಿದ ನೀರಿನ ತವರು ನೋಡಬೇಕೆಂಬ ಹಟ ಅಲ್ಲಿಂದ ಹತ್ತಿತು.

ಇಷ್ಟು ಹೇಳಿದ್ದು ಯಾಕೆಂದರೆ ನಾನು ಹೇಳುವ ದಾರಿಗಳೆಲ್ಲ ನೀರಿನ ಪಕ್ಕದವು. ಸಫಾರಿ, ಬೋಟಿಂಗ್ ಬೇಕಾದವರಿಗೆ ಗೇಟಿನ ಹತ್ತಿರವೇ ಬೋರ್ಡುಗಳಿವೆ.

ಹೋಗುವುದು ಸುಲಭ. ಲೋಕಲ್ ಹಿಡಿದು ಬೋರಿವಲಿಯಲ್ಲಿ ಪೂರ್ವಕ್ಕೆ ಇಳಿದರೆ ಕಾಲ್ನಡಿಗೆಯಲ್ಲೇ ಗೇಟು ಸಿಗುತ್ತದೆ. ಮೆಟ್ರೊದ 7ನೇ ಮಾರ್ಗದಲ್ಲಿ ಬರುವವರು ರಾಷ್ಟ್ರೀಯ ಉದ್ಯಾನ ಸ್ಟೇಷನ್ನಿನಲ್ಲಿ ಇಳಿದರೆ ಇನ್ನೂ ಹತ್ತಿರ. ಬೆಳಗ್ಗೆ ಗೇಟು ತೆರೆದ ಕೂಡಲೇ ಒಳಗಿರಬೇಕು. ಹತ್ತು ಗಂಟೆಯ ಮೇಲೆ ಬಂದರೆ ಬಿಸಿಲು, ಬೆವರು, ಬೈಗುಳ.

ಒಳಗೆ ಸುಮಾರು 104 ಚದರ ಕಿಲೋಮೀಟರ್ ಕಾಡಿದೆ, ಒಂದು ಬದಿಗೆ ಮುಂಬೈ, ಇನ್ನೊಂದು ಬದಿಗೆ ಠಾಣೆ. ಅಷ್ಟೂ ನಮಗೆ ನಡೆಯಲು ಇರುವುದಲ್ಲ. ನಡೆಯುವವನ ಮಟ್ಟಿಗೆ ಮೂರು ಥರದ ದಾರಿ ಎಂದುಕೊಳ್ಳಿ. ಯಾರನ್ನೂ ಕೇಳದೆ ಹೋಗಬಹುದಾದ ಡಾಂಬರು ರಸ್ತೆ, ಮೊದಲೇ ಹೆಸರು ಬರೆಸಿ ಗೈಡ್ ಜೊತೆ ಹೋಗುವ ಕಾಲುದಾರಿ, ಮತ್ತು ಅನುಮತಿ ಸಿಗದೆ ಕಾಲಿಡಲೇಬಾರದ ಕೆರೆಯ ದಡ. ಹೊಸಬರೆಲ್ಲ ಮೂರನೆಯದಕ್ಕೇ ಮೊದಲು ಹೊರಡುತ್ತಾರೆ. ನಾನು ಹೇಳುವುದು, ಮೊದಲನೆಯದನ್ನು ನಾಲ್ಕು ಸಲ ನಡೆಯಿರಿ, ಎರಡನೆಯದನ್ನು ಎರಡು ಸಲ. ತುಳಸಿ ಕೆರೆ 1879ರಿಂದ ಅಲ್ಲೇ ಇದೆ, ಇನ್ನೂ ನಾಲ್ಕು ತಿಂಗಳು ಅಲ್ಲೇ ಇರುತ್ತದೆ.

ಹೊರಡುವ ಮೊದಲು ಬೂಟಿನ ವಿಚಾರ. ಇಲ್ಲಿಯದು ಕರಿ ಬಸಾಲ್ಟ್ ಕಲ್ಲು. ಒಣಗಿದ್ದಾಗ ಏನೂ ತೊಂದರೆಯಿಲ್ಲ, ಒದ್ದೆಯಾಗಿ ಮೇಲೆ ಹಾವಸೆ ಕಟ್ಟಿದರೆ ಎಣ್ಣೆ ಸವರಿದ ದೋಸೆಕಲ್ಲು. ಅಂಗಡಿಯವನು ಟ್ರೆಕಿಂಗ್ ಬೂಟೆಂದು ಏನೇನೋ ತೋರಿಸುತ್ತಾನೆ, ಸೋಲ್ ಬಗ್ಗಿಸಿ ತೋರಿಸುತ್ತಾನೆ. ನನ್ನ ಪರೀಕ್ಷೆ ಬೇರೆ. ಹೊಸ ಬೂಟು ತಂದ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಪಾತ್ರೆ ತೊಳೆಯುವ ಮೋರಿಯ ಹತ್ತಿರ ಹೋಗುತ್ತೇನೆ. ಕಡಪಾ ಕಲ್ಲಿನ ನೆಲ, ಮೇಲೆ ಸೋಪಿನ ನೀರು, ಸಾಂಬಾರಿನ ಎಣ್ಣೆ. ಅಲ್ಲಿ ಗೋಡೆ ಹಿಡಿಯದೆ ಆ ತುದಿಯಿಂದ ಈ ತುದಿಗೆ ಮೂರು ಸಲ ನಡೆದರೆ ಬೂಟು ಪಾಸು. ಎರಡು ಸಾವಿರದ ಎಂಟುನೂರು ಕೊಟ್ಟು ತಂದ ಒಂದು ಜೋಡಿ ಎರಡನೇ ಹೆಜ್ಜೆಗೇ ಜಾರಿ ನನ್ನನ್ನು ಇಡ್ಲಿ ತಟ್ಟೆಗಳ ರಾಶಿಯ ಮೇಲೆ ಕೂರಿಸಿತು. ನಮ್ಮ ಕ್ಲೀನರ್ ಹುಡುಗ ಹಾಕುವ ಅಗ್ಗದ ರಬ್ಬರ್ ಸೋಲಿನ ಬೂಟು ಪಾಸಾಯಿತು. ಐದು ವರ್ಷದಿಂದ ಅಂಥದ್ದನ್ನೇ ಹಾಕುತ್ತಿದ್ದೇನೆ. ನಿಮಗೆ ಹೋಟೆಲಿಲ್ಲದಿದ್ದರೆ ಬಚ್ಚಲಲ್ಲಿ ಸ್ವಲ್ಪ ಸೋಪು ನೀರು ಚೆಲ್ಲಿ ನೋಡಿ, ಹಿಡಿದುಕೊಳ್ಳಲು ಏನಾದರೂ ಹತ್ತಿರವಿರಲಿ.

ಪೂರ್ತಿ ಪ್ಯಾಂಟು, ಮಂಕು ಬಣ್ಣದ ಅಂಗಿ. ಕಾಲುಚೀಲವನ್ನು ಪ್ಯಾಂಟಿನ ತುದಿಯ ಮೇಲೆ ಎಳೆದುಕೊಳ್ಳಿ, ನೋಡಲು ಪೆದ್ದನ ಹಾಗಿದ್ದರೂ ಪರವಾಗಿಲ್ಲ. ಯಾಕೆಂದು ಕೊನೆಗೆ ಹೇಳುತ್ತೇನೆ. ತಲೆಗೊಂದು ಟೋಪಿ. ಸೆಂಟು ಬೇಡ.

ನೀರು ಒಬ್ಬರಿಗೆ ಎರಡು ಲೀಟರ್, ಅಕ್ಟೋಬರಿನಲ್ಲಿ ಮೂರು. ಮುಂಬೈಯವರಿಗೆ ಅಕ್ಟೋಬರ್ ಸೆಕೆ ಏನೆಂದು ಹೇಳಿಕೊಡಬೇಕಿಲ್ಲ, ಆದರೆ ಕಾಡಿನೊಳಗೆ ಗಾಳಿಯಾಡದ ಜಾಗದಲ್ಲಿ ಅದು ಇನ್ನೊಂದು ಕೈ ಮೇಲೆ. ಸ್ಟೀಲ್ ಬಾಟಲಿ ಒಯ್ಯಿರಿ. ನಾನು ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಉಪ್ಪು, ಲಿಂಬೆ, ಸ್ವಲ್ಪ ಬೆಲ್ಲ ಹಾಕಿದ ಪಾನಕ ಇಡುತ್ತೇನೆ. ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬಾರದು.

ತಿಂಡಿಯ ವಿಷಯದಲ್ಲಿ ಮೂವತ್ತು ವರ್ಷದ ಅನುಭವವಿರುವ ನಾನೇ ಮೋಸಹೋದೆ. ಎರಡನೇ ಸಲ ಹೋದಾಗ ಹೆಂಡತಿ ಬೆಳಗ್ಗೆ ನಾಲ್ಕಕ್ಕೆದ್ದು ಬನ್ಸ್ ಕರಿದುಕೊಟ್ಟಿದ್ದಳು, ಎಂಟು. ಬನ್ಸ್ ಎಂದರೆ ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಹಿಸುಕಿ ಹಿಟ್ಟಿಗೆ ಕಲಸಿ ಮಾಡಿದ್ದು. ಡಬ್ಬಿ ಮುಚ್ಚಿದರೂ ಘಮ ಮುಚ್ಚುವುದಿಲ್ಲ. ಪಾರ್ಕಿನೊಳಗಿನ ಕನ್ಹೇರಿ ಗುಹೆಗಳ ಮೆಟ್ಟಿಲ ಹತ್ತಿರ ಚೀಲ ಕೆಳಗಿಟ್ಟು ಬೂಟಿನ ಲೇಸು ಕಟ್ಟುತ್ತಿದ್ದೆ. ಹಿಂದಿನಿಂದ ಜಿಪ್ಪಿನ ಸದ್ದು. ತಿರುಗಿದರೆ ಒಂದು ಗಂಡು ಮಂಗ, ಮನುಷ್ಯರು ಕೂತ ಹಾಗೆ ಕೂತು, ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಮುಚ್ಚಳವನ್ನು ಹಲ್ಲಿನಿಂದ ಎತ್ತುತ್ತಿದೆ. ಆತುರವೇ ಇಲ್ಲ. ಮೊದಲ ಬನ್ಸ್ ಮುರಿದು, ಮೂಸಿ, ಒಳಗಿನ ಟೊಳ್ಳು ನೋಡಿ, ನನ್ನ ಕಡೆ ಒಮ್ಮೆ ನೋಡಿ ಬಾಯಿಗಿಟ್ಟಿತು. ಚಟ್ನಿಯ ಕರಡಿಗೆಯನ್ನು ಮಾತ್ರ ಪಕ್ಕಕ್ಕಿಟ್ಟಿತು. ಕಸಿಯಲು ಹೋಗಬೇಡಿ, ಹಲ್ಲು ಕಿಸಿದರೆ ನೀವೇ ಹಿಂದೆ ಸರಿಯಿರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಕಚ್ಚಿದರೆ ರೇಬೀಸ್ ಚುಚ್ಚುಮದ್ದಿಗೆ ಓಡಬೇಕಾಗುತ್ತದೆ. ನಾನು ಹಸಿದು ಬಂದೆ. ಈಗ ಹುರಿದ ಶೇಂಗಾ, ಒಂದು ಉಂಡೆ ಬೆಲ್ಲ, ಮಡಚಿದ ಚಪಾತಿ, ಎಲ್ಲ ಗಟ್ಟಿ ತಿರುಗಿಸುವ ಮುಚ್ಚಳದ ಡಬ್ಬಿಯಲ್ಲಿ, ಚೀಲದ ತಳದಲ್ಲಿ. ಹಣ್ಣು, ಕರಿದದ್ದು, ಕುರ್ಕುರೆ ಥರದ ಸದ್ದು ಮಾಡುವ ಪೊಟ್ಟಣ ಬೇಡವೇ ಬೇಡ. ಹಣ್ಣು ತಿನ್ನಲೇಬೇಕೆನಿಸಿದರೆ ದಾರಿ ಬದಿಯಲ್ಲಿ ಪಾಡಾದ, ಅಂದರೆ ಕಾಡಿನ ಆದಿವಾಸಿ ಹಾಡಿಯ, ವಾರ್ಲಿ ಹೆಂಗಸರು ಸೌತೆಕಾಯಿ, ಬೇಸಿಗೆಯಲ್ಲಿ ಕವಳಿ ಹಣ್ಣು, ತಾಟಿನುಂಗು ಇಟ್ಟುಕೊಂಡು ಕೂತಿರುತ್ತಾರೆ. ಕೊಂಡು ಅಲ್ಲೇ ನಿಂತು ತಿಂದು ಮುಗಿಸಿ. ಚೌಕಾಸಿ ಮಾಡುವ ನಮ್ಮವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನು ನಡಿಗೆ. ಗೇಟಿನಿಂದ ಕನ್ಹೇರಿ ಗುಹೆಗಳಿಗೆ ಸುಮಾರು ಆರು ಕಿಲೋಮೀಟರ್ ಡಾಂಬರು ರಸ್ತೆ. ಪಾರ್ಕಿನ ಬಸ್ಸೂ ಹೋಗುತ್ತದೆ. ಜನ ಹೋಗುವಾಗ ಬಸ್ಸು ಹತ್ತಿ, ಇಳಿಯುವಾಗ ನಡೆಯುತ್ತಾರೆ, ಅದು ತಿರುಗುಮುರುಗು ಲೆಕ್ಕ. ಬೆಳಗಿನ ತಂಪಿನಲ್ಲಿ ಏರು ನಡೆದು, ಮಧ್ಯಾಹ್ನದ ಬಿಸಿಲಿಗೆ ಬಸ್ಸಿನಲ್ಲಿ ಕೂತು ಇಳಿಯಿರಿ. ಎರಡು ಗಂಟೆ ಇಟ್ಟುಕೊಳ್ಳಿ.

ಅಕ್ಕನ ಮಗನನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅರ್ಧ ದಾರಿಗೆ ಅವನು ನಿಂತುಬಿಟ್ಟ. "ಮಾವ, ಕೆರಿ ಎಲ್ಲಿತ್ತ್? ಬರೀ ಡಾಂಬಾರ್ ರಸ್ತಿ ಅಲ್ದಾ ಇದ್?" ಎಂದ. ಅವನಿಗೆ ರಸ್ತೆಯ ಪಕ್ಕದ ತೊರೆ ತೋರಿಸಿದೆ. ಅದು ದಹಿಸರ್ ನದಿ. ತುಳಸಿ ಕೆರೆಯ ಕಡೆಯಿಂದ ಹುಟ್ಟಿ ಈ ಕಾಡಿನೊಳಗೆ ಕಲ್ಲಿನಿಂದ ಕಲ್ಲಿಗೆ ಇಳಿದು ಬರುತ್ತದೆ. ನಾವು ದಹಿಸರ್‌ನಲ್ಲಿ ಮೂಗು ಮುಚ್ಚಿಕೊಂಡು ದಾಟುವ ನಾಲೆಯೂ ಇದೇ. ಇಲ್ಲಿ ತಳದ ಬೆಣಚುಕಲ್ಲು ಎಣಿಸಬಹುದು, ಅಲ್ಲಿ ತಳವೇ ಕಾಣುವುದಿಲ್ಲ, ನಡುವೆ ಇರುವುದು ಕೆಲವೇ ಕಿಲೋಮೀಟರ್. ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ರಸ್ತೆಯಲ್ಲಿ ನಡೆಯುವಾಗ ಅವಸರ ಮಾಡದಿದ್ದರೆ ಬಹಳ ಸಿಗುತ್ತದೆ. ಫೆಬ್ರವರಿ, ಮಾರ್ಚಿಗೆ ಎಲೆ ಉದುರಿದ ಮುತ್ತುಗ, ಬೂರುಗ ಕೆಂಪಗೆ ಹೂ ಬಿಟ್ಟಿರುತ್ತವೆ, ಹಕ್ಕಿಗಳ ಜಾತ್ರೆ ಅಲ್ಲೇ. ತೇಗದ ಎಳೆ ಎಲೆ ಕೆಳಗೆ ಬಿದ್ದದ್ದು ಸಿಕ್ಕರೆ ಅಂಗೈಯಲ್ಲಿ ಉಜ್ಜಿ ನೋಡಿ, ಕುಂಕುಮದ ಹಾಗೆ ಕೆಂಪಾಗುತ್ತದೆ. ಗಿಡದಿಂದ ಕೀಳಬೇಡಿ. ಒಣಗಿದ ತೇಗದ ಎಲೆಯ ಮೇಲೆ ಸಣ್ಣ ಓತಿಕ್ಯಾತ ಓಡಿದರೂ ಹುಲಿ ಬಂದಷ್ಟು ಸದ್ದು. ಮೊದಲ ನಾಲ್ಕು ಸಲ ನಾನೂ ಹೆದರಿದ್ದೇನೆ.

ಕನ್ಹೇರಿಯಲ್ಲಿ ಪುರಾತತ್ವ ಇಲಾಖೆಯ ಟಿಕೆಟ್ ಬೇರೆ ತೆಗೆದುಕೊಳ್ಳಬೇಕು. ನೂರಕ್ಕೂ ಹೆಚ್ಚು ಗುಹೆಗಳು. ಮೂರನೆಯ ಗುಹೆಯ ಚೈತ್ಯವನ್ನು, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರವನ್ನು, ನೋಡಿ ಫೋಟೊ ಹೊಡೆದು ಎಲ್ಲರೂ ಇಳಿದುಬಿಡುತ್ತಾರೆ. ನೀವು ಮೇಲೆ ಹತ್ತಿ. ಹೆಚ್ಚಿನ ಗುಹೆಗಳ ಬಾಗಿಲ ಪಕ್ಕ ಬಗ್ಗಿ ನೋಡಿದರೆ ಕಲ್ಲಿನಲ್ಲೇ ಕೊರೆದ ನೀರಿನ ತೊಟ್ಟಿ ಸಿಗುತ್ತದೆ, ಇಲ್ಲಿಯವರು ಪೋಢಿ ಎನ್ನುತ್ತಾರೆ. ಬಂಡೆಯ ಮೇಲೆ ಬಿದ್ದ ಮಳೆ ಎಲ್ಲೆಲ್ಲೋ ಹರಿದು ಹೋಗದ ಹಾಗೆ ಬೆರಳಗಲದ ಕಾಲುವೆ ಕೊರೆದು ತೊಟ್ಟಿಗೆ ತಿರುಗಿಸಿದ್ದಾರೆ. ಬೇಸಿಗೆಯಲ್ಲೂ ಕೆಲವು ತೊಟ್ಟಿಗಳಲ್ಲಿ ನೀರಿರುತ್ತದೆ. ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಸುಸ್ತಾದ ಹೋಟೆಲಿನವನು ಆ ಕಾಲುವೆಯ ಮೇಲೆ ಬೆರಳಾಡಿಸಿದರೆ ಕಲ್ಲು ಕೊರೆದವನ ಕಾಲಿಗೆ ಬೀಳಬೇಕು ಅನ್ನಿಸುತ್ತದೆ.

ಕನ್ನಡಿಗರು ಅಲ್ಲಿ ಸ್ವಲ್ಪ ಎದೆ ಸೆಟೆಸಿ ನಡೆಯಲು ಇನ್ನೊಂದು ಕಾರಣವಿದೆ. ಒಂಬತ್ತನೇ ಶತಮಾನದಲ್ಲಿ ಈ ಕರಾವಳಿಯನ್ನು ಆಳುತ್ತಿದ್ದ ಶಿಲಾಹಾರರು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇಲ್ಲಿಯ ಬೌದ್ಧ ಸಂಘಕ್ಕೆ ದಾನ ಕೊಟ್ಟ ಶಾಸನಗಳು ಕನ್ಹೇರಿಯ ಗೋಡೆಯ ಮೇಲಿವೆ. ಮುಂಬೈಗೆ ಕನ್ನಡದ ನಂಟು ತಂದವರು ಇಡ್ಲಿ ಹಂಡೆ ಹೊತ್ತು ಬಂದ ನಾವೇ ಮೊದಲಿಗರು ಎಂದುಕೊಂಡಿದ್ದೆ. ನಮಗಿಂತ ಸಾವಿರ ವರ್ಷ ಮೊದಲೇ ನಮ್ಮ ಅರಸನ ಹೆಸರು ಬಂದು ಕೂತಿತ್ತು.

ಎರಡನೆಯ ದಾರಿ ಶಿಲೋಂಡಾ. ಇದು ನಿಜವಾದ ಕಾಲುದಾರಿ, ತೊರೆಯನ್ನು ಅಲ್ಲಲ್ಲಿ ದಾಟುತ್ತ ಬಂಡೆಗಳ ಮೇಲೆ ನೀರಿಳಿಯುವ ಜಾಗಕ್ಕೆ ಮುಟ್ಟಿಸುತ್ತದೆ. ನಿಧಾನಕ್ಕೆ ನಡೆದರೆ ಮೂರು ಗಂಟೆ. ಒಬ್ಬೊಬ್ಬರೇ ನುಗ್ಗುವ ಹಾಗಿಲ್ಲ. ಪಾರ್ಕಿನೊಳಗೆ ನೇಚರ್ ಇನ್ಫರ್ಮೇಶನ್ ಸೆಂಟರ್ ಇದೆ, ಅಲ್ಲಿ ಮೊದಲೇ ಹೇಳಿ ಗೈಡ್ ಜೊತೆ ಹೋಗಬೇಕು. ಗೈಡಿನ ದುಡ್ಡು ಉಳಿಸಲು ಯಾರೋ ತೋರಿಸಿದ ಅಡ್ಡದಾರಿ ಹಿಡಿಯಬೇಡಿ. ದಂಡ ಒಂದು ಕಡೆ ಇರಲಿ, ಈ ಕಾಡಿನಲ್ಲಿ ಪಾಡಾದವರು ಕಟ್ಟಿಗೆಗೆ ಓಡಾಡಿದ ಜಾಡು, ಜಿಂಕೆ ಓಡಾಡಿದ ಜಾಡು, ಪ್ರವಾಸಿಗಳ ಜಾಡು ಎಲ್ಲ ಒಂದೇ ಥರ ಕಾಣುತ್ತವೆ. ಮೂರನೆಯ ಕವಲಿಗೆ ನಿಮಗೆ ದಿಕ್ಕು ತಪ್ಪಿರುತ್ತದೆ.

ನಮ್ಮ ಜೊತೆ ಬಂದವನು ಪಾಡಾದ ವಾರ್ಲಿ ಹುಡುಗ, ಇಪ್ಪತ್ತರ ಆಸುಪಾಸು. ಅವನಿಂದ ಕಲಿತದ್ದು, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಲ್ಲರಿಗಿಂತ ಎತ್ತರದವನು ಮುಂದೆ ನಡೆಯಬಾರದು. ಎರಡು ಮರಗಳ ನಡುವೆ ಅಂಗೈಯಗಲದ ಜೇಡ ಬಲೆ ಕಟ್ಟಿರುತ್ತದೆ. ಬೆಳಕು ಓರೆಯಾಗಿ ಬಿದ್ದರೆ ಎಳೆ ಚಿನ್ನದ ಬಣ್ಣ. ಬೆರಳಿನಿಂದ ಮುಟ್ಟಿದರೆ ಹೊಲಿಗೆ ದಾರದ ಹಾಗೆ ಎಳೆದುಕೊಳ್ಳುತ್ತದೆ, ತಟಕ್ಕನೆ ಹರಿಯುವುದಿಲ್ಲ. ಆ ಹುಡುಗ ಬಲೆಯನ್ನು ಕೆಡಿಸದೆ ಬಗ್ಗಿ ದಾಟಿದ, ನಮ್ಮನ್ನೂ ಬಗ್ಗಿಸಿದ. ಹನ್ನೊಂದು ಜನ ಹೋಟೆಲಿನವರು, ಬ್ಯಾಂಕಿನವರು, ಸಾಲಾಗಿ ಒಂದು ಜೇಡಕ್ಕೆ ತಲೆ ಬಾಗಿ ಹೋದೆವು.

2024ರ ಮಳೆಗಾಲ ಮುಗಿಯುವಾಗ ಹೋಗಿದ್ದರೆ ಕಾರ್ವಿ ಹೂ ಸಿಕ್ಕಿರುತ್ತಿತ್ತು. ಎಂಟು ವರ್ಷಕ್ಕೊಮ್ಮೆ ಬೆಟ್ಟಕ್ಕೆ ಬೆಟ್ಟವೇ ನೇರಳೆ. ಅದಕ್ಕೆ ಮೊದಲು 2016, ಮುಂದಿನದು 2032. ಹೂ ಬಿಡದ ವರ್ಷದಲ್ಲೂ ಆ ಗಿಡ ನೋಡಿ, ದಾರಿಯುದ್ದಕ್ಕೂ ಗೋಡೆಯ ಹಾಗೆ ಒತ್ತೊತ್ತಾಗಿ ನಿಂತಿರುತ್ತದೆ. ಅದರ ಕಡ್ಡಿಯನ್ನು ಹೆಣೆದು ಮಣ್ಣು ಸೆಗಣಿ ಮೆತ್ತಿ ಪಾಡಾದ ಮನೆಗೆ ಗೋಡೆ ಮಾಡುತ್ತಾರೆ.

ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ. ಹೌದು, ಚಿರತೆ ಇದೆ. ಲೆಕ್ಕಕ್ಕೆ ಸಿಕ್ಕವೇ 50ರ ಆಸುಪಾಸು. ನಾನು ಇಷ್ಟು ವರ್ಷದಲ್ಲಿ ಒಂದನ್ನೂ ನೋಡಿಲ್ಲ. ಒಂದೆರಡು ನನ್ನನ್ನು ನೋಡಿರಬಹುದು. ಅದು ರಾತ್ರಿಯ ಪ್ರಾಣಿ, ಕಾಡಿನ ಅಂಚಿನಲ್ಲಿ ನಾವು ಎಸೆದ ಕಸಕ್ಕೆ ಬರುವ ನಾಯಿಗಳನ್ನು ಹಿಡಿಯುತ್ತದೆ. ಆದ್ದರಿಂದ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕಾಲುದಾರಿಯಲ್ಲಿ ಇರಬಾರದು. ಮಕ್ಕಳನ್ನು ಸಾಲಿನ ನಡುವೆ ನಡೆಸಿ. ಪೊದೆಯ ಮರೆಗೆ ಒಬ್ಬರೇ ಹೋಗಿ ಕುಕ್ಕರುಗಾಲಲ್ಲಿ ಕೂರಬೇಡಿ, ಕೂತ ಮನುಷ್ಯ ಅದರ ಕಣ್ಣಿಗೆ ಸಣ್ಣ ಪ್ರಾಣಿ. ಗೇಟಿನ ಹತ್ತಿರದ ಶೌಚಾಲಯ ಮುಗಿಸಿಯೇ ಹೊರಡಿ. ಎದುರಾದರೆ ಓಡಬಾರದು, ಬೆನ್ನು ತೋರಿಸಬಾರದು, ನೇರ ನಿಂತು ನಿಧಾನಕ್ಕೆ ಹಿಂದೆ ಸರಿಯಬೇಕು. ಶಿಲೋಂಡಾದಲ್ಲಿ ಒಮ್ಮೆ ಲಂಗೂರಗಳು ಇದ್ದಕ್ಕಿದ್ದಂತೆ ಮರದ ಮೇಲಿಂದ ಖೊಕ್ ಖೊಕ್ ಎಂದು ಕೆಮ್ಮಿದ ಹಾಗೆ ಕೂಗತೊಡಗಿದವು. ಚಿರತೆ ಇರಬಹುದೆಂದು ಗೈಡ್ ಹುಡುಗ ಕೈ ಎತ್ತಿದ. ಐದು ನಿಮಿಷ ಒಬ್ಬರೂ ಅಲ್ಲಾಡಲಿಲ್ಲ. ಏನೂ ಕಾಣಲಿಲ್ಲ, ಕೂಗು ಬೇರೆ ದಿಕ್ಕಿಗೆ ಹೋಯಿತು, ನಾವೂ ಹೊರಟೆವು. ವಾರ್ಲಿಗಳಿಗೆ ಚಿರತೆ ವಾಘೋಬಾ, ದೇವರು. ನಮ್ಮ ಕಡೆಯ ಹುಲಿದೇವರ ಹಾಗೆಯೇ. ಅದಾದ ಮೇಲೆ ನಾನು ಹುಡುಗನ ಹತ್ತಿರ ಚಿರತೆ ತೋರಿಸು ಎಂದು ಕೇಳುವುದನ್ನು ಬಿಟ್ಟೆ.

ಮಳೆಗಾಲದಲ್ಲಿ ಕಾಡು ಚೆಂದ, ತೊರೆ ಅಪಾಯ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟಕ್ಕೆ ಮಳೆ ಬಿದ್ದಿದ್ದರೆ ನೀರು ಹೇಳಿ ಬರುವುದಿಲ್ಲ. ಬಂಡೆಯ ಇಳಿಜಾರು, ಮಣ್ಣು ಕಡಿಮೆ, ಬಿದ್ದ ನೀರೆಲ್ಲ ಅರ್ಧ ಗಂಟೆಯಲ್ಲಿ ಕಣಿವೆಗೆ. ತಿಳಿ ನೀರು ಕಲಕಿ ಚಹಾದ ಬಣ್ಣಕ್ಕೆ ತಿರುಗಿದರೆ, ತರಗೆಲೆ ಕಡ್ಡಿ ಹೆಚ್ಚಾಗಿ ತೇಲಿ ಬಂದರೆ, ಫೋಟೊ ಬಿಟ್ಟು ಎತ್ತರಕ್ಕೆ ಹತ್ತಿ. ನೀರಿಗಿಳಿಯಲು ಪಾರ್ಕಿನವರು ಬಿಡುವುದಿಲ್ಲ, ಬಿಡಬಾರದು. ಗ್ರೈಂಡರ್ ಮುಳುಗಿದ್ದನ್ನು ನೋಡಿದವನ ಮಾತು ಇದು. ಹೊಸಬರಿಗೆ ನವೆಂಬರಿನಿಂದ ಫೆಬ್ರವರಿಯೇ ಸರಿಯಾದ ಕಾಲ.

ಕೊನೆಗೆ ಕೆರೆ. ವಿಹಾರ 1860ರಲ್ಲಿ ಮುಗಿದದ್ದು, ಮುಂಬೈಗೆ ಮೊದಲ ಪೈಪ್ ನೀರು ಅದರದ್ದೇ. ತುಳಸಿ ಅದರ ಮೇಲ್ಗಡೆ ಇರುವ ಸಣ್ಣ ತಂಗಿ, ತುಂಬಿದರೆ ವಿಹಾರಕ್ಕೆ ಚೆಲ್ಲುತ್ತದೆ. ಕುಡಿಯುವ ನೀರಾದ್ದರಿಂದ ಮುನ್ಸಿಪಾಲಿಟಿಯ ಕಾವಲು, ಸುತ್ತ ಇರುವುದು ಅರಣ್ಯ ಇಲಾಖೆಯ ಕಾಡು. ಹಾಗಾಗಿ ನಿಮ್ಮಷ್ಟಕ್ಕೆ ನೀವು ಹೋಗುವಂತಿಲ್ಲ. ಅನುಮತಿ ಪಡೆದು ನಿಸರ್ಗ ನಡಿಗೆ ಏರ್ಪಡಿಸುವವರು ಇದ್ದಾರೆ. ಗೋರೆಗಾಂವ್ ಫಿಲ್ಮ್‌ಸಿಟಿಯ ಹತ್ತಿರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕೇಂದ್ರವಿದೆ, ಅಂಥವರ ಕಾರ್ಯಕ್ರಮಗಳ ಮೇಲೆ ಕಣ್ಣಿಟ್ಟಿರಿ. ಜಾಗ ಬೇಗ ತುಂಬುತ್ತದೆ. ಗುರುತಿನ ಚೀಟಿ ಒಯ್ಯಿರಿ.

ನಾನು ಅಂಥ ಒಂದು ಗುಂಪಿನಲ್ಲಿ ಡಿಸೆಂಬರಿನಲ್ಲಿ ತುಳಸಿಗೆ ಹೋಗಿದ್ದೆ. ಮರದ ನಡುವಿನಿಂದ ಒಮ್ಮೆಗೇ ನೀರು ಕಂಡಿತು. ಸುತ್ತ ಬೆಟ್ಟ, ಒಂದು ಕಟ್ಟಡವೂ ಕಾಣದು, ಒಂದು ಹಾರ್ನ್ ಕೇಳದು. ಒಣ ಕೊಂಬೆಯ ಮೇಲೆ ನೀರುಕಾಗೆ ರೆಕ್ಕೆ ಬಿಡಿಸಿ ಒಣಗಿಸುತ್ತಿತ್ತು, ನಮ್ಮ ಚಾಳಿನ ಬಾಲ್ಕನಿಯಲ್ಲಿ ಕರಿ ಕೊಡೆ ಬಿಡಿಸಿಟ್ಟ ಹಾಗೆ. ಆಚೆ ದಡದಲ್ಲಿ ಬಿದ್ದಿದ್ದ ಮರದ ದಿಮ್ಮಿಯನ್ನು ಗೈಡ್ ದುರ್ಬೀನಿನಲ್ಲಿ ತೋರಿಸಿದ. ದಿಮ್ಮಿ ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತಿತ್ತು, ಮೊಸಳೆ. ನೀರಿನ ಅಂಚಿಗೆ ಹೋಗಬೇಡಿ ಎಂದು ಬೋರ್ಡು ಹಾಕುವುದು ಸುಮ್ಮನೆ ಅಲ್ಲ. ಅಲ್ಲಿ ಕೈತೊಳೆಯುವುದು, ಕಾಲಾಡಿಸುವುದು, ಕಲ್ಲೆಸೆಯುವುದು ಯಾವುದೂ ಇಲ್ಲ. ದುರ್ಬೀನು ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಸಾಲ ಕೇಳಿ. ಗೈಡ್ ಹೊರಡಿ ಎನ್ನುವವರೆಗೆ ಒಂದೇ ಜಾಗದಲ್ಲಿ ಕೂತಿರಿ, ಕೆರೆಯ ದಡದಲ್ಲಿ ನಡೆಯುವವನಿಗಿಂತ ಕೂತವನಿಗೇ ಹೆಚ್ಚು ಕಾಣುತ್ತದೆ.

ನಾನು ಕೂತು ಲೆಕ್ಕ ಹಾಕಿದೆ, ಅಭ್ಯಾಸಬಲ. ತುಳಸಿ ತುಂಬಿದರೆ ಸುಮಾರು 804 ಕೋಟಿ ಲೀಟರ್. ಮುಂಬೈ ದಿನಕ್ಕೆ ಕುಡಿಯುವುದು, ತೊಳೆಯುವುದು, ಚೆಲ್ಲುವುದು ಎಲ್ಲ ಸೇರಿ 390 ಕೋಟಿಯ ಹತ್ತಿರ. ಅಂದರೆ ಕಣ್ಣಿಗೆ ಅಳತೆ ಸಿಗದ ಆ ನೀರೆಲ್ಲ ಇಡೀ ಊರಿಗೆ ಎರಡು ದಿನಕ್ಕೆ ಮುಗಿಯುತ್ತದೆ. ಪೇಪರಿನಲ್ಲಿ ತುಳಸಿ ತುಂಬಿತು ಎಂದು ಓದಿ ನಾನು ಪ್ರತಿ ವರ್ಷ ಪಾತ್ರೆ ತೊಳೆಯುವ ಹುಡುಗರಿಗೆ ನಲ್ಲಿ ಸ್ವಲ್ಪ ಜೋರಾಗಿ ಬಿಡಲು ಹೇಳುತ್ತಿದ್ದೆ. ಅದು ಯಾವಾಗಲೂ ಮೊದಲು ತುಂಬುವ ಪೈಕಿಯ ಸಣ್ಣ ಕೆರೆ ಮಾತ್ರ ಎಂದು ಅಲ್ಲಿ ಕೂತಾಗ ಹೊಳೆಯಿತು. ಈಗ ಏಳರಲ್ಲಿ ಎಲ್ಲಕ್ಕಿಂತ ದೊಡ್ಡದಾದ ಭಾತ್ಸಾದ ಸಾಲು ನೋಡಿ ಹೇಳುತ್ತೇನೆ.

ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ. ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿ, ಮೈ ನೋಡಿಕೊಳ್ಳಿ. ಮೊಣಕಾಲಿನ ಹಿಂದೆ, ತೊಡೆಸಂದಿ, ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿ ಕೂರುವ ಜಾಗ. ಜಿಂಕೆ ಓಡಾಡುವ ಹುಲ್ಲಿನಲ್ಲಿ ಉಣ್ಣಿ ಇರುತ್ತದೆ, ಎಳ್ಳಿನಷ್ಟು ದೊಡ್ಡದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕಾಲುಚೀಲ ಪ್ಯಾಂಟಿನ ಮೇಲೆಳೆಯಲು ಹೇಳಿದ್ದು ಇದಕ್ಕೇ. ಸಿಕ್ಕರೆ ಉಗುರಿನಿಂದ ಹಿಸುಕಬೇಡಿ. ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆದು, ಆ ಜಾಗವನ್ನು ಸೋಪಿನಿಂದ ತೊಳೆಯಿರಿ. ಮುಂದಿನ ಕೆಲವು ವಾರಗಳಲ್ಲಿ ಜ್ವರವೋ ಕೆಂಪು ಗುಳ್ಳೆಯೋ ಬಂದರೆ ಡಾಕ್ಟರಿಗೆ ಕಾಡಿಗೆ ಹೋದದ್ದನ್ನು ಮರೆಯದೆ ಹೇಳಿ.

ನನ್ನ ಕಾಲಲ್ಲಿ ಮೊದಲ ಸಲ ಉಣ್ಣಿ ಕಂಡಾಗ ಹೆಂಡತಿ ತೆಂಗಿನೆಣ್ಣೆ ಬಾಟಲಿ ಹಿಡಿದು ಬಂದಳು. "ಎಣ್ಣಿ ಹಾಕ್ರೆ ಅದೇ ಬಿಟ್ಟ್ ಬೀಳತ್ತ್" ಎಂದಳು. ಎಣ್ಣೆ ಹಚ್ಚಬಾರದು ಎಂದು ಡಾಕ್ಟರು ಆಮೇಲೆ ನನಗೆ ಹೇಳಿದರು, ನಾನು ಅವಳಿಗೆ ಹೇಳಿದೆ. ಬಾಟಲಿ ಒಳಗಿಟ್ಟಳು, ಒಪ್ಪಲಿಲ್ಲ. ಅವಳ ಅಮ್ಮ ಊರಿನ ದನಗಳಿಗೆಲ್ಲ ಎಣ್ಣೆಯನ್ನೇ ಹಚ್ಚುತ್ತಿದ್ದರಂತೆ.